ಹಿಮ್ಮಡಿಯ ಹನಿ ರಕ್ತ ಹೇಳದೆ ಉಳಿಸಿಕೊಂಡ ಗುಟ್ಟು

ಕೊಲೆಸ್ಟೆರಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವನು ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ, ವೈದ್ಯರು ಗದರಿದ ಮೇಲೆ ಬೆಳಗಿನ ವಾಕಿಂಗ್ ಶುರು ಮಾಡಿದ ಗೃಹಸ್ಥ. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಆ ಶಬ್ದಕ್ಕೂ ನಂಟು ಕಟ್ಟಲು ಮನಸ್ಸು ಒಪ್ಪುವುದಿಲ್ಲ. ಆದರೆ ಹುಟ್ಟುವ ಪ್ರತಿ 250ರಿಂದ 300 ಮಕ್ಕಳಲ್ಲಿ ಒಂದು, ರಕ್ತದ ಕೊಲೆಸ್ಟೆರಾಲನ್ನು ಏರಿಸುವ ದೋಷವೊಂದನ್ನು ತಂದೆಯಿಂದಲೋ ತಾಯಿಯಿಂದಲೋ ಪಡೆದೇ ಈ ಲೋಕಕ್ಕೆ ಬರುತ್ತದೆ. ತುಪ್ಪ ತಿನ್ನುವ ವಯಸ್ಸಿಗೆ ಮೊದಲೇ ಅದರ ರಕ್ತನಾಳದ ಗೋಡೆಗಳಲ್ಲಿ ಲೆಕ್ಕ ಬರೆಯುವ ಕೆಲಸ ಆರಂಭವಾಗಿರುತ್ತದೆ. ಚಿಕಿತ್ಸೆ ಸಿಗದೆ ಹೋದರೆ ಇಂಥ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 50 ವರ್ಷ ತುಂಬುವುದರೊಳಗೆ ಹೃದಯದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ ಅದು ಹತ್ತು ವರ್ಷ ತಡ.

‘ಅವರ ಮನೆತನದಲ್ಲಿ ಗಂಡಸರಿಗೆ ಆಯುಷ್ಯ ಕಡಿಮೆ’ ಎಂದು ಊರಿನ ಹಿರಿಯರು ಆಡುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತಿನ ಹಿಂದೆ ಎಷ್ಟೋ ಕಾರಣಗಳಿರಬಹುದು. ಅವುಗಳಲ್ಲಿ ಒಂದು ಈ ಕಾಯಿಲೆ. ಇದನ್ನು ಹುಟ್ಟಿದಾಗಲೇ ಹಿಡಿಯಲು ಸಾಧ್ಯವೇ, ಹಿಡಿಯುವುದು ಸರಿಯೇ ಎಂಬ ಪ್ರಶ್ನೆಗೆ ಈಗ ಅರ್ಧ ಶತಮಾನದ ವಯಸ್ಸು. ಉತ್ತರವಿನ್ನೂ ಪೂರ್ತಿ ಬಂದಿಲ್ಲ.

ಕಥೆ ಆರಂಭವಾಗುವುದು ನಾರ್ವೆಯ ಓಸ್ಲೋ ನಗರದಲ್ಲಿ. ಒಂದಲ್ಲ, ಎರಡು ಕಥೆ. ಅದೂ ನಾಲ್ಕೇ ವರ್ಷಗಳ ಅಂತರದಲ್ಲಿ. 1934ರಲ್ಲಿ ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ತಾಯಿಯೊಬ್ಬಳು, ಮಕ್ಕಳ ಮೂತ್ರಕ್ಕೆ ವಿಚಿತ್ರ ಮುಗ್ಗಲು ವಾಸನೆ ಏಕೆ ಎಂದು ಕೇಳಿಕೊಂಡು ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯನ ಬಳಿಗೆ ಬಂದಳು. ಆಕೆ ಅದಾಗಲೇ ಅನೇಕ ವೈದ್ಯರ ಬಾಗಿಲು ತಟ್ಟಿದ್ದಳು. ಫೋಲಿಂಗ್ ರಸಾಯನಶಾಸ್ತ್ರವನ್ನೂ ಓದಿಕೊಂಡಿದ್ದವನು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರಾಯಿತು. ಆ ಬಣ್ಣದ ಬೆನ್ನು ಹತ್ತಿ ಅವನು ಕಂಡುಕೊಂಡದ್ದು, ಆಹಾರದ ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲವನ್ನು ಅರಗಿಸಲಾರದ ಹುಟ್ಟು ದೋಷ. ಇಂದು ಅದು ಪಿಕೆಯು ಎಂಬ ಮೂರಕ್ಷರದ ಹೆಸರಿನಲ್ಲಿ ಪ್ರಸಿದ್ಧ.

ಅದೇ ಊರಿನಲ್ಲಿ 1938ರಲ್ಲಿ ಕಾರ್ಲ್ ಮುಲ್ಲರ್ ಎಂಬ ಇನ್ನೊಬ್ಬ ವೈದ್ಯ ಹೃದ್ರೋಗಿಗಳ ಕಣ್ಣುರೆಪ್ಪೆ, ಬೆರಳ ಗೆಣ್ಣು, ಹಿಮ್ಮಡಿಯ ಮೇಲಿನ ನರದಂಥ ಗಟ್ಟಿ ಹುರಿಯ ಮೇಲೆ ಕಾಣುವ ಹಳದಿ ಗಂಟುಗಳನ್ನು ಗಮನಿಸಿದ. ಅವು ಚರ್ಮರೋಗದ ಲಕ್ಷಣವೆಂದು ಅಲ್ಲಿಯವರೆಗಿನ ನಂಬಿಕೆ. ಮುಲ್ಲರ್ ಅಂಥ 17 ಕುಟುಂಬಗಳ ವಂಶಾವಳಿ ಬರೆದ. ಹಳದಿ ಗಂಟು, ಏರಿದ ಕೊಲೆಸ್ಟೆರಾಲ್, ಎದೆನೋವು ಈ ಮೂರೂ ಒಂದೇ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಜೊತೆಯಾಗಿ ಇಳಿದು ಬರುವುದನ್ನು ಅದರಲ್ಲಿ ತೋರಿಸಿದ. ಕಾಯಿಲೆ ಬಂದ 76 ಮಂದಿಯಲ್ಲಿ 68 ಮಂದಿಗೆ ಹೃದಯದ ತೊಂದರೆಯ ಗುರುತುಗಳಿದ್ದವು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಸಾಕು, ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಬರುತ್ತದೆ ಎಂಬ ಅನುವಂಶಿಕ ನಿಯಮವೂ ಇಲ್ಲಿ ಹೊಳೆಯಿತು.

ಈ ಎರಡು ಓಸ್ಲೋ ಕಥೆಗಳ ಮುಂದಿನ ದಾರಿಗಳು ಬೇರೆಬೇರೆ. ಫೋಲಿಂಗನ ಕಾಯಿಲೆಗೆ ಇಪ್ಪತ್ತು ವರ್ಷದೊಳಗೆ ಮದ್ದು ಸಿಕ್ಕಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಫೀನೈಲ್‌ಅಲನಿನ್ ತೆಗೆದ ವಿಶೇಷ ಆಹಾರವನ್ನು ಮಗುವಿಗೆ ಕೊಟ್ಟು, ಅದು ಸುಧಾರಿಸುವುದನ್ನು 1953ರಲ್ಲಿ ವರದಿ ಮಾಡಿದರು. ಆದರೆ ಇದಕ್ಕೊಂದು ಕರಾರು: ಮಿದುಳು ಹಾಳಾಗುವ ಮೊದಲೇ, ಅಂದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಆಹಾರ ಬದಲಾಗಬೇಕು. ಮೇಲ್ನೋಟಕ್ಕೆ ಗುಂಡುಕಲ್ಲಿನಂತೆ ಇರುವ ಮಗುವಿನಲ್ಲಿ ಈ ದೋಷವನ್ನು ಕಾಣುವುದು ಹೇಗೆ?

ಉತ್ತರ ಕೊಟ್ಟವನು ಅಮೆರಿಕದ ಬಫಲೋ ನಗರದ ರಾಬರ್ಟ್ ಗಥ್ರಿ. ಅವನ ಮಗನೊಬ್ಬ ಬುದ್ಧಿಮಾಂದ್ಯನಾಗಿದ್ದ. ಹೆಂಡತಿಯ ತಂಗಿಯ ಮಗಳಿಗೆ ಪಿಕೆಯು ಇದ್ದದ್ದು ತಡವಾಗಿ ತಿಳಿದಿತ್ತು. ಆದ್ದರಿಂದ ಈ ಕೆಲಸ ಅವನಿಗೆ ಬರೀ ಪ್ರಯೋಗಶಾಲೆಯ ಸಮಸ್ಯೆಯಾಗಿರಲಿಲ್ಲ. ಮಗುವಿನ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತವನ್ನು ಒತ್ತುಕಾಗದದಂಥ ಕಾಗದಕ್ಕೆ ಹೀರಿಸಿ, ಒಣಗಿಸಿ, ಅಂಚೆಯಲ್ಲಿ ಪ್ರಯೋಗಶಾಲೆಗೆ ಕಳಿಸುವುದು; ಅಲ್ಲಿ ಆ ಕಾಗದದ ಚೂರಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವುದು. ಬೆಳೆದರೆ ರಕ್ತದಲ್ಲಿ ಫೀನೈಲ್‌ಅಲನಿನ್ ಹೆಚ್ಚಿದೆ ಎಂದರ್ಥ. ಕೆಲವೇ ಸೆಂಟ್‌ಗಳ ಖರ್ಚು. ಎರಡು ವರ್ಷಗಳಲ್ಲಿ ಅಮೆರಿಕದ 29 ರಾಜ್ಯಗಳ ನಾಲ್ಕು ಲಕ್ಷ ಮಕ್ಕಳ ರಕ್ತ ನೋಡಿ 39 ಮಕ್ಕಳಲ್ಲಿ ಕಾಯಿಲೆ ಪತ್ತೆ ಮಾಡಲಾಯಿತು. 1963ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಇದನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು. ಬೇರೆ ರಾಜ್ಯಗಳು, ಬೇರೆ ದೇಶಗಳು ಹಿಂದೆ ಬಂದವು. ಆ ಕಾಗದಕ್ಕೆ ಇಂದಿಗೂ ಗಥ್ರಿ ಕಾರ್ಡ್ ಎಂದೇ ಹೆಸರು.

ಒಂದು ಹನಿ ರಕ್ತ ಇಷ್ಟು ಹೇಳಬಲ್ಲದಾದರೆ ಇನ್ನೂ ಏನೇನು ಹೇಳಬಹುದು ಎಂಬ ಆಸೆ ಹುಟ್ಟುವುದು ಸಹಜವೇ. ಮುಲ್ಲರ್ ಗುರುತಿಸಿದ ಕಾಯಿಲೆಯತ್ತ ಕಣ್ಣು ಹೊರಳಿತು. 1971ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಚಾರ್ಲ್ಸ್ ಗ್ಲುಕ್ ಮತ್ತು ಸಹೋದ್ಯೋಗಿಗಳು 1,800 ಹೆರಿಗೆಗಳಲ್ಲಿ ಹೊಕ್ಕುಳಬಳ್ಳಿಯ ರಕ್ತ ತೆಗೆದು ಕೊಲೆಸ್ಟೆರಾಲ್ ಅಳೆದರು. ಉಪಾಯ ಸೊಗಸಾಗಿಯೇ ಇತ್ತು. ಹೇಗೂ ಕತ್ತರಿಸಿ ಬಿಸಾಡುವ ಬಳ್ಳಿ. ಮಗುವಿಗೆ ಸೂಜಿಯ ನೋವೂ ಇಲ್ಲ. ಅಂಕಿ ಹೆಚ್ಚಿದ್ದ ಮಕ್ಕಳನ್ನು ಗುರುತಿಸಿ, ತಂದೆ ತಾಯಿಯರನ್ನೂ ಪರೀಕ್ಷಿಸಿದರೆ ಕುಟುಂಬಕ್ಕೆ ಕುಟುಂಬವೇ ಬಲೆಗೆ ಬೀಳುತ್ತದೆ ಎಂಬ ಲೆಕ್ಕ.

ಲೆಕ್ಕ ತಪ್ಪಿತು. ತಪ್ಪಿದ್ದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಇಡೀ ವಿಷಯದ ಗಂಟು ಇರುವುದು ಅಲ್ಲಿ. ನಮ್ಮ ನಿಮ್ಮಂಥ ದೊಡ್ಡವರ ರಕ್ತದಲ್ಲಿ ಪ್ರತಿ ನೂರು ಮಿಲಿಲೀಟರಿಗೆ 150ರಿಂದ 200 ಮಿಲಿಗ್ರಾಂ ಕೊಲೆಸ್ಟೆರಾಲ್ ಇರುವುದು ಸಾಮಾನ್ಯ. ಆಗತಾನೆ ಹುಟ್ಟಿದ ಮಗುವಿನಲ್ಲಿ ಅದು 70ರ ಆಸುಪಾಸು ಮಾತ್ರ. ಕಾಯಿಲೆಯ ದೋಷ ಹೊತ್ತು ಬಂದ ಮಗುವಿನಲ್ಲಿ ಇದಕ್ಕಿಂತ ಕೊಂಚ ಹೆಚ್ಚಿರುತ್ತದೆ ನಿಜ. ಆದರೆ ದೋಷವಿಲ್ಲದ ಎಷ್ಟೋ ಮಕ್ಕಳ ಅಂಕಿಯೂ ಅಷ್ಟೇ ಇರುತ್ತದೆ. ಎರಡು ಗುಂಪುಗಳು ಸಂತೆಯ ಜನದಂತೆ ಒಂದರೊಳಗೊಂದು ಬೆರೆತುಹೋಗಿರುತ್ತವೆ. ಮಗು ಹಾಲು ಕುಡಿಯಲು ತೊಡಗಿದ ಮೇಲೆ ಅಂಕಿ ಸರಸರನೆ ಏರುತ್ತದೆ (ತಾಯಿಯ ಹಾಲಿನಲ್ಲೇ ಕೊಲೆಸ್ಟೆರಾಲ್ ಧಾರಾಳವಾಗಿದೆ, ಅದು ಬೆಳೆಯುವ ಮಿದುಳಿಗೆ ಬೇಕಾದದ್ದೇ). ದೋಷವುಳ್ಳ ಮಕ್ಕಳು ಉಳಿದವರಿಂದ ಬೇರೆಯಾಗಿ ನಿಲ್ಲುವುದು ಮೊದಲ ಹುಟ್ಟುಹಬ್ಬ ಕಳೆದ ಮೇಲೆ. ಲಂಡನ್ನಿನ ಮಕ್ಕಳ ತಜ್ಞೆ ಜೂನ್ ಲಾಯ್ಡ್ ಮತ್ತು ಸಹೋದ್ಯೋಗಿಗಳು ಮಕ್ಕಳ ಕೊಲೆಸ್ಟೆರಾಲನ್ನು ಹುಟ್ಟಿನಿಂದ ಒಂದು ವರ್ಷದವರೆಗೆ ಬೆನ್ನು ಹತ್ತಿ ಅಳೆದು, ಹೊಕ್ಕುಳಬಳ್ಳಿಯ ಅಂಕಿಯನ್ನು ನಂಬುವಂತಿಲ್ಲವೆಂದು 1972ರಲ್ಲೇ ಪ್ರಕಟಿಸಿದರು. ಗಥ್ರಿ ಕಾರ್ಡಿನ ಒಣರಕ್ತದಲ್ಲಿ ಕೊಲೆಸ್ಟೆರಾಲಿಗೆ ಬದಲು ಅದನ್ನು ಹೊತ್ತು ಸಾಗುವ ಅಪೊ-ಬಿ ಎಂಬ ಪ್ರೋಟೀನನ್ನು ಅಳೆಯುವ ಪ್ರಯತ್ನಗಳೂ ಮುಂದೆ ನಡೆದವು. ಅವೂ ಮುಖ್ಯ ತೊಡಕನ್ನು ಬಿಡಿಸಲಿಲ್ಲ. ದೋಷ ಹುಟ್ಟಿನಿಂದ ಇದೆ. ಅದರ ಗುರುತು ಮಾತ್ರ ಹುಟ್ಟಿನ ದಿನ ಸ್ಪಷ್ಟವಾಗಿರುವುದಿಲ್ಲ.

ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ಎಂಥ ಕಾಯಿಲೆಗೆ ಸಾರ್ವತ್ರಿಕ ತಪಾಸಣೆ ನಡೆಸಬಹುದು ಎಂಬುದಕ್ಕೆ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹತ್ತು ಸೂತ್ರಗಳನ್ನು ಬರೆದಿದ್ದರು. ಪತ್ತೆಯಾದ ಕಾಯಿಲೆಗೆ ಒಪ್ಪಿತವಾದ ಚಿಕಿತ್ಸೆ ಇರಬೇಕೆಂಬುದು ಅವುಗಳಲ್ಲೊಂದು. 1971ರಲ್ಲಿ ಈ ಮಕ್ಕಳಿಗೆ ಕೊಡಲು ವೈದ್ಯರ ಕೈಯಲ್ಲಿ ಇದ್ದದ್ದು ಪಥ್ಯ, ಮತ್ತು ಮರಳಿನ ಪುಡಿಯಂತೆ ಗಂಟಲಲ್ಲಿ ಇಳಿಯದ ಒಂದು ರಾಳ. ‘ನಿಮ್ಮ ಮಗನಿಗೆ ನಲವತ್ತಕ್ಕೆ ಹೃದಯಾಘಾತ ಆಗಬಹುದು’ ಎಂದು ಬಾಣಂತಿಗೆ ಹೇಳಿ, ಅದಕ್ಕೆ ಮದ್ದಿಲ್ಲವೆಂದು ಸುಮ್ಮನಾಗುವುದು ವೈದ್ಯಕೀಯವೂ ಅಲ್ಲ, ಮನುಷ್ಯತ್ವವೂ ಅಲ್ಲ.

ಮದ್ದಿನ ದಾರಿ ತೆರೆದದ್ದು ಈ ಕಾಯಿಲೆಯ ಅತಿ ಭೀಕರ ರೂಪದಿಂದಲೇ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಗುವಿನ ಕೊಲೆಸ್ಟೆರಾಲ್ 600ರಿಂದ 1,000ಕ್ಕೆ ಏರುತ್ತದೆ. ಮೊಣಕೈ, ಮಂಡಿ, ಪೃಷ್ಠಗಳ ಮೇಲೆ ಎಳೆವಯಸ್ಸಿನಲ್ಲೇ ಹಳದಿ ಗಂಟುಗಳು ಏಳುತ್ತವೆ. ಇಪ್ಪತ್ತು ತುಂಬುವ ಮೊದಲೇ, ಕೆಲವೊಮ್ಮೆ ಹತ್ತಕ್ಕೂ ಮೊದಲೇ ಹೃದಯಾಘಾತ. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅವೆದಿಸ್ ಖಚದೂರಿಯನ್ 1964ರಲ್ಲಿ ಲೆಬನಾನಿನ ಕುಟುಂಬಗಳನ್ನು ಅಭ್ಯಸಿಸಿ, ಒಂದೇ ಪಾಲು ದೋಷ ಪಡೆದವರು, ಎರಡು ಪಾಲು ಪಡೆದವರು, ಏನೂ ಪಡೆಯದವರು ಎಂಬ ಮೂರು ಮೆಟ್ಟಿಲುಗಳನ್ನು ಬಿಡಿಸಿ ತೋರಿಸಿದ. ಹತ್ತಿರದ ಬಂಧುಗಳಲ್ಲಿ ಮದುವೆ ನಡೆಯುವ ಸಮಾಜದಲ್ಲಿ ಎರಡು ಪಾಲು ಪಡೆದ ಮಕ್ಕಳು ಹೆಚ್ಚಾಗಿ ಸಿಗುತ್ತಿದ್ದರು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯಿರುವ ನಮ್ಮ ದಕ್ಷಿಣದವರು ಇದನ್ನು ಗಮನಿಸತಕ್ಕದ್ದು.

ಇಂಥ ಇಬ್ಬರು ಮಕ್ಕಳು, ಅಕ್ಕತಮ್ಮಂದಿರೋ ಅಣ್ಣತಂಗಿಯರೋ ಎನ್ನುವ ಎಳೆಯ ವಯಸ್ಸಿನವರು, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ತರುಣ ವೈದ್ಯ ಜೋಸೆಫ್ ಗೋಲ್ಡ್‌ಸ್ಟೀನನ ಕಣ್ಣಿಗೆ ಬಿದ್ದರು. ಬೆಣ್ಣೆ ಮೊಟ್ಟೆ ತಿಂದು ಈ ಗತಿ ಬಂದದ್ದಲ್ಲ ಎಂಬುದು ನಿಚ್ಚಳವಾಗಿತ್ತು. ಗೆಳೆಯ ಮೈಕೆಲ್ ಬ್ರೌನನ ಜೊತೆ ಡಲ್ಲಾಸಿನಲ್ಲಿ ಪ್ರಯೋಗಶಾಲೆ ಕಟ್ಟಿದ ಅವನು ರೋಗಿಗಳ ಚರ್ಮದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ. 1973-74ರಲ್ಲಿ ಇಬ್ಬರೂ ಕಂಡುಕೊಂಡದ್ದು ಹೀಗೆ: ರಕ್ತದಲ್ಲಿ ತೇಲುವ ಎಲ್‌ಡಿಎಲ್ ಎಂಬ ಕೊಬ್ಬಿನ ಕಣಗಳನ್ನು ಒಳಗೆ ಎಳೆದುಕೊಳ್ಳಲು ಜೀವಕೋಶದ ಮೈಮೇಲೆ ಕೈಗಳಂತೆ ಗ್ರಾಹಕಗಳಿವೆ. ಈ ಕೆಲಸ ಬಹುಪಾಲು ನಡೆಯುವುದು ಯಕೃತ್ತಿನಲ್ಲಿ. ಒಂದು ಪಾಲು ದೋಷ ಪಡೆದವರಲ್ಲಿ ಅರ್ಧದಷ್ಟು ಗ್ರಾಹಕಗಳಿಲ್ಲ. ಎರಡು ಪಾಲು ಪಡೆದವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತೆಗೆದುಕೊಳ್ಳುವವರಿಲ್ಲದ ಕೊಬ್ಬು ರಕ್ತದಲ್ಲೇ ಸುತ್ತುತ್ತ ನಾಳಗಳ ಗೋಡೆಗೆ ಅಂಟುತ್ತದೆ. ಇಬ್ಬರಿಗೂ 1985ರಲ್ಲಿ ನೊಬೆಲ್ ಬಹುಮಾನ ಬಂತು. ಅದರ ಹಿಂದಿನ ವರ್ಷ ಪಿಟ್ಸ್‌ಬರ್ಗಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳಿಗೆ ಹೃದಯವನ್ನೂ ಯಕೃತ್ತನ್ನೂ ಒಟ್ಟಿಗೆ ಬದಲಿಸಲಾಗಿತ್ತು. ಸಾವಿರ ಮೀರಿದ್ದ ಅವಳ ಕೊಲೆಸ್ಟೆರಾಲ್ ಮುನ್ನೂರಕ್ಕೆ ಇಳಿಯಿತು. ಡಲ್ಲಾಸಿನ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಹುಡುಗಿ ಇನ್ನೂ ಆರು ವರ್ಷ ಬದುಕಿದಳು.

ಇತ್ತ ಜಪಾನಿನಲ್ಲಿ ಸ್ಯಾಂಕ್ಯೊ ಕಂಪನಿಯ ಅಕಿರಾ ಎಂಡೊ ಬೂಷ್ಟುಗಳನ್ನು ಜಾಲಾಡುತ್ತಿದ್ದ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವನ ಬಾಲ್ಯದ ಆದರ್ಶ. ದೇಹ ಕೊಲೆಸ್ಟೆರಾಲ್ ತಯಾರಿಸುವುದನ್ನು ತಡೆಯುವ ವಸ್ತು ಯಾವುದಾದರೂ ಬೂಷ್ಟಿನಲ್ಲಿ ಇರಬೇಕೆಂದು ಊಹಿಸಿ ಸುಮಾರು 6,000 ಬಗೆಗಳನ್ನು ಪರೀಕ್ಷಿಸಿದ ಮೇಲೆ, 1973ರಲ್ಲಿ, ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕಿದ ನೀಲಿಹಸಿರು ಬೂಷ್ಟೊಂದು ಕೈ ಹಿಡಿಯಿತು. ಇಲಿಗಳಿಗೆ ಕೊಟ್ಟರೆ ಏನೂ ಆಗಲಿಲ್ಲ. ಕಂಪನಿ ಕೈ ತೊಳೆದುಕೊಳ್ಳುವ ಹಂತಕ್ಕೆ ಬಂದಿತ್ತು. ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟು ನೋಡಿದಾಗ ಕೊಲೆಸ್ಟೆರಾಲ್ ಇಳಿಯಿತು. 1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ ಈ ಮದ್ದನ್ನು ಮೊದಲು ಕೊಟ್ಟದ್ದು ಯಾರಿಗೆ? ಇಬ್ಬರೂ ಹೆತ್ತವರಿಂದ ದೋಷ ಪಡೆದಿದ್ದ ಹದಿಹರೆಯದ ಹುಡುಗಿಯೊಬ್ಬಳಿಗೆ. ಸ್ಟಾಟಿನ್ ಎಂಬ ಮದ್ದಿನ ಕುಲ ಹೀಗೆ ಹುಟ್ಟಿತು. 1987ರಲ್ಲಿ ಅಮೆರಿಕದಲ್ಲಿ ಅದರ ಮೊದಲ ಮಾತ್ರೆ ಮಾರುಕಟ್ಟೆಗೆ ಬಂತು. ಇಂದು ನಮ್ಮ ತಾಲ್ಲೂಕು ಕೇಂದ್ರದ ಔಷಧಿ ಅಂಗಡಿಯಲ್ಲೂ ಅದು ಸಿಗುತ್ತದೆ. ನೊಬೆಲ್ ಬಹುಮಾನ ಮಾತ್ರ ಎಂಡೊನ ಮನೆಬಾಗಿಲಿಗೆ ಬರಲಿಲ್ಲ. 2024ರಲ್ಲಿ ಅವನು ತೀರಿಕೊಂಡ.

ಮದ್ದು ಬಂದ ಮೇಲೆ ಹಳೆಯ ಪ್ರಶ್ನೆ ಮತ್ತೆ ಎದ್ದು ಕೂತಿತು. ಆಮ್‌ಸ್ಟರ್‌ಡ್ಯಾಮಿನ ವೈದ್ಯರು 1990ರ ದಶಕದ ಕೊನೆಯಲ್ಲಿ ಈ ಕಾಯಿಲೆಯಿದ್ದ 214 ಮಕ್ಕಳನ್ನು ಸ್ಟಾಟಿನ್ ಪ್ರಯೋಗಕ್ಕೆ ಸೇರಿಸಿಕೊಂಡಿದ್ದರು. ಇಪ್ಪತ್ತು ವರ್ಷಗಳ ನಂತರ ಅವರನ್ನು ಹುಡುಕಿ ನೋಡಿದ ವರದಿ 2019ರಲ್ಲಿ ಹೊರಬಂತು. 39 ವರ್ಷ ವಯಸ್ಸಿನ ಹೊತ್ತಿಗೆ ಅವರಲ್ಲಿ ಶೇಕಡ 1 ಮಂದಿಗೆ ಹೃದಯ ಅಥವಾ ರಕ್ತನಾಳದ ಆಘಾತವಾಗಿತ್ತು. ಅದೇ ದೋಷವಿದ್ದು, ಚಿಕ್ಕಂದಿನಲ್ಲಿ ಮದ್ದು ಕಾಣದ ಅವರ ತಂದೆ ತಾಯಿಯರಲ್ಲಿ ಅದೇ ವಯಸ್ಸಿಗೆ ಶೇಕಡ 26. ಮಕ್ಕಳಲ್ಲಿ ಯಾರೂ ಹೃದಯದ ಕಾಯಿಲೆಯಿಂದ ಸತ್ತಿರಲಿಲ್ಲ; ಹೆತ್ತವರಲ್ಲಿ ಶೇಕಡ 7 ಮಂದಿ ನಲವತ್ತು ಕಾಣದೆ ಹೋಗಿದ್ದರು. ಎರಡು ತಲೆಮಾರುಗಳ ನಡುವೆ ಧೂಮಪಾನ ಮುಂತಾದವೂ ಬದಲಾಗಿರುತ್ತವೆ, ಆದ್ದರಿಂದ ಎಲ್ಲ ಕೀರ್ತಿ ಮಾತ್ರೆಗೇ ಸಲ್ಲದು. ಆದರೂ ಅಂತರ ಕಣ್ಣಿಗೆ ಹೊಡೆಯುವಂತಿದೆ.

ಹಾಗಾದರೆ ಹುಟ್ಟಿದ ದಿನವೇ ಏಕೆ ನೋಡಬಾರದು? ಮಾತ್ರೆ ಕೊಡುವುದು ಎಂಟು ಹತ್ತು ವರ್ಷವಾದ ಮೇಲೆ. ಅಲ್ಲಿಯವರೆಗೆ ಆಡಿಕೊಂಡಿರುವ ಮಗುವಿಗೆ ‘ರೋಗಿ’ ಎಂಬ ಹಣೆಪಟ್ಟಿ, ತಾಯಿಗೆ ಪ್ರತಿ ತುತ್ತಿಗೂ ಆತಂಕ. ಪಿಕೆಯುನಂತೆ ಇಲ್ಲಿ ವಾರಗಳ ಅವಸರವಿಲ್ಲ. ಈ ವಾದದಲ್ಲಿ ಹುರುಳಿದೆ. ಆದರೆ ಎರಡು ಪಾಲು ದೋಷ ಪಡೆದ, ಮೂರು ಲಕ್ಷಕ್ಕೆ ಒಂದರಂತೆ ಹುಟ್ಟುವ ಮಗುವಿಗೆ ಈ ಸಮಾಧಾನ ನಡೆಯದು. ಅದಕ್ಕೆ ವರ್ಷಗಳನ್ನು ಕಳೆಯುವ ಐಷಾರಾಮವಿಲ್ಲ.

ಲಂಡನ್ನಿನ ಡೇವಿಡ್ ವಾಲ್ಡ್ ಮತ್ತು ಸಂಗಡಿಗರು ಕಂಡುಕೊಂಡದ್ದು ಒಂದು ನಡುದಾರಿ. ಯಾವ ವಯಸ್ಸಿನಲ್ಲಿ ಕೊಲೆಸ್ಟೆರಾಲ್ ಅಳೆದರೆ ದೋಷವುಳ್ಳವರು ಉಳಿದವರಿಂದ ಅತಿ ಚೆನ್ನಾಗಿ ಬೇರೆಯಾಗುತ್ತಾರೆಂದು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಉತ್ತರ ಒಂದರಿಂದ ಒಂಬತ್ತು ವರ್ಷ ಎಂದು 2007ರಲ್ಲಿ ಬಂತು. ಹುಟ್ಟಿದ ದಿನವೂ ಅಲ್ಲ, ನಲವತ್ತರ ವಯಸ್ಸೂ ಅಲ್ಲ. ದೊಡ್ಡವರಲ್ಲಿ ಊಟ, ತೂಕ, ವಯಸ್ಸು ಸೇರಿ ಎಲ್ಲರ ಅಂಕಿಯನ್ನೂ ಏರಿಸಿಬಿಡುತ್ತವೆ. ಒಂದು ವರ್ಷ ದಾಟಿದ ಮಗುವನ್ನು ಹೇಗೂ ಚುಚ್ಚುಮದ್ದಿಗೆ ಕರೆತರುತ್ತಾರಲ್ಲ, ಆಗಲೇ ಹಿಮ್ಮಡಿಯ ಒಂದು ಹನಿ ರಕ್ತ ತೆಗೆದರಾಯಿತು. ಬ್ರಿಟನ್ನಿನ 92 ಚಿಕಿತ್ಸಾಲಯಗಳಲ್ಲಿ 10,095 ಮಕ್ಕಳಿಗೆ ಹೀಗೆ ಮಾಡಿ ನೋಡಿದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಪ್ರತಿ ಸಾವಿರ ಮಕ್ಕಳಿಗೆ ನಾಲ್ಕು ಮಕ್ಕಳಲ್ಲಿ ಕಾಯಿಲೆ ಪತ್ತೆಯಾಯಿತು. ಅವರ ಜೊತೆಗೆ ನಾಲ್ವರು ಹೆತ್ತವರೂ ಸಿಕ್ಕಿದರು. ಮಗುವಿಗೆ ಮದ್ದು ಬೇಕಾಗುವುದು ಮುಂದೆಂದೋ. ಆದರೆ ಮೂವತ್ತರ ಪ್ರಾಯದ ಆ ತಂದೆಗೋ ತಾಯಿಗೋ ಬೇಕಿರುವುದು ಈಗಲೇ. ಮಗು ತನ್ನನ್ನು ಹೆತ್ತವರ ಜೀವ ಉಳಿಸುವ ಈ ತಿರುವು, ಗಥ್ರಿಯ ಕಾಗದದ ಚರಿತ್ರೆಯಲ್ಲಿ ಇಲ್ಲದ್ದು.

ಬೇರೆ ದೇಶಗಳ ದಾರಿ ಬೇರೆ. ಇಪ್ಪತ್ತು ಲಕ್ಷ ಜನಸಂಖ್ಯೆಯ ಪುಟ್ಟ ಸ್ಲೊವೇನಿಯಾ, ಶಾಲೆಗೆ ಸೇರುವ ಮುಂಚಿನ ಐದನೆಯ ವರ್ಷದ ತಪಾಸಣೆಗೆ 1995ರಲ್ಲಿ ಕೊಲೆಸ್ಟೆರಾಲ್ ಪರೀಕ್ಷೆಯನ್ನು ಸೇರಿಸಿತು. ಹೆಚ್ಚಿದ್ದವರಿಗೆ ವಂಶವಾಹಿ ಪರೀಕ್ಷೆ. ನೆದರ್‌ಲ್ಯಾಂಡ್ಸ್ 1994ರಿಂದ ಸುಮಾರು ಎರಡು ದಶಕ ಕಾಲ, ಒಬ್ಬ ರೋಗಿ ಸಿಕ್ಕ ಕೂಡಲೇ ಅವನ ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರ ಮನೆಗೇ ದಾದಿಯರನ್ನು ಕಳಿಸಿ 20 ಸಾವಿರಕ್ಕೂ ಹೆಚ್ಚು ಮಂದಿಯನ್ನು ಪತ್ತೆ ಮಾಡಿತು. ಅಮೆರಿಕದಲ್ಲಿ ಮಾತ್ರ ಗೊಂದಲ. 9ರಿಂದ 11 ವರ್ಷದ ಎಲ್ಲ ಮಕ್ಕಳನ್ನೂ ಪರೀಕ್ಷಿಸಿರೆಂದು 2011ರಲ್ಲಿ ತಜ್ಞರ ಸಮಿತಿಯೊಂದು ಹೇಳಿದರೆ, 2023ರಲ್ಲಿ ಇನ್ನೊಂದು ಸಮಿತಿ ಇದರ ಪರವಾಗಿಯೋ ವಿರುದ್ಧವಾಗಿಯೋ ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದಿತು.

ಈಗ ಹಿಮ್ಮಡಿಯ ಆ ಹನಿಗೆ ಹೊಸ ನಾಲಿಗೆ ಬಂದಿದೆ. ಒಣಗಿದ ರಕ್ತದಲ್ಲಿ ಡಿಎನ್‌ಎ ಉಳಿದಿರುತ್ತದೆ, ಅದನ್ನು ಓದುವ ಖರ್ಚು ಇಳಿದಿದೆ. ಕೊಲೆಸ್ಟೆರಾಲ್ ಅಂಕಿ ಹುಟ್ಟಿದ ದಿನ ಮುಚ್ಚಿಟ್ಟದ್ದನ್ನು ವಂಶವಾಹಿ ಮುಚ್ಚಿಡಲಾರದು. ತೊಡಕು ಬೇರೆಡೆ ಇದೆ. ಎಲ್‌ಡಿಎಲ್ ಗ್ರಾಹಕದ ವಂಶವಾಹಿಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಬಗೆಯ ವ್ಯತ್ಯಾಸಗಳು ದಾಖಲಾಗಿವೆ. ಅವುಗಳಲ್ಲಿ ಯಾವುದು ಕೇಡು, ಯಾವುದು ನಿರಪಾಯ ಎಂದು ಎಲ್ಲದಕ್ಕೂ ಹೇಳಲಾಗದು. ಅದರ ಮೇಲೆ, ದೊಡ್ಡವನಾದ ಮೇಲೆ ಬರಬಹುದಾದ ಕಾಯಿಲೆಯನ್ನು ತಿಳಿಯಬೇಕೇ ಬೇಡವೇ ಎಂದು ಹೇಳಲು ಬಾಯಿಲ್ಲದ ಕೂಸಿನ ಪರವಾಗಿ ಯಾರು ಒಪ್ಪಿಗೆ ಕೊಡಬೇಕು ಎಂಬ ಪ್ರಶ್ನೆಯಿದೆ. ತಾಯಿಯೋ ತಂದೆಯೋ ಅದೇ ದೋಷದಿಂದ ಸಾಯುವ ಹಾದಿಯಲ್ಲಿರುವಾಗ ಈ ಪ್ರಶ್ನೆಯ ತೂಕ ಕಡಿಮೆಯಾಗುತ್ತದೆ ಎಂದು ನನಗೆ ತೋರುತ್ತದೆ, ಒಪ್ಪದವರೂ ಇದ್ದಾರೆ.

ನವಜಾತ ಶಿಶುಗಳ ರಕ್ತ ತಪಾಸಣೆ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು ರಾಜ್ಯದಲ್ಲಿ ಹುಟ್ಟಿದ ಒಂದು ಲಕ್ಷದಷ್ಟು ಮಕ್ಕಳ ರಕ್ತವನ್ನು ಅಮೈನೊ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದ್ದರು. ದೇಶದಲ್ಲೇ ಅದು ಈ ಬಗೆಯ ಮೊದಮೊದಲ ದೊಡ್ಡ ಪ್ರಯತ್ನ. ಆದರೆ ಅದು ರಾಷ್ಟ್ರೀಯ ಕಾರ್ಯಕ್ರಮವಾಗಿ ಬೆಳೆಯಲಿಲ್ಲ. ಕೊಲೆಸ್ಟೆರಾಲಿನ ಸರದಿಯಂತೂ ಬರಲೇ ಇಲ್ಲ. ನಮ್ಮಲ್ಲಿ ಈ ಕಾಯಿಲೆ ಸಾಮಾನ್ಯವಾಗಿ ಗೊತ್ತಾಗುವುದು ಮನೆಯ ಯಜಮಾನನನ್ನು ಎದೆನೋವೆಂದು ಆಸ್ಪತ್ರೆಗೆ ಒಯ್ದ ಮೇಲೆ. ಆಗಲೂ ಅವನ ಮಕ್ಕಳ ರಕ್ತ ನೋಡಿಸಿರೆಂದು ಹೇಳುವ ವೈದ್ಯರು ಎಲ್ಲ ಕಡೆ ಇಲ್ಲ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಡಿಪಿಟಿ ಬೂಸ್ಟರ್ ಚುಚ್ಚುಮದ್ದಿಗೆಂದು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಇಲ್ಲಿಯೂ ಆರೋಗ್ಯ ಕೇಂದ್ರಗಳಿಗೆ ಬರುತ್ತಾರೆ. ಲಂಡನ್ನಿನವರು ಹಿಮ್ಮಡಿ ಚುಚ್ಚಿದ್ದು ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ.